ವೆಸ್ಲಿಯ 28 ಪೌಂಡ್ ಲೆಕ್ಕ

ಏಪ್ರಿಲ್ 5ಕ್ಕೆ ಇಂಗ್ಲೆಂಡಿನಲ್ಲಿ ತೆರಿಗೆ ವರ್ಷ ಮುಗಿಯುತ್ತದೆ. ಪ್ರತಿ ವರ್ಷ ಆ ವಾರ ಹಳೆಯ ಸ್ಪ್ರೆಡ್‌ಶೀಟ್ ತೆರೆದು ಕೂರುವುದು ನನ್ನ ರೂಢಿ. ಈ ಸಲ ನೋಡಿದರೆ ಪೆನ್ಷನ್, ಐಸಾ, ಮನೆ ಸಾಲದ ಕಂತು, ಊರಿಗೆ ಕಳಿಸಿದ ಹಣ, ಎಲ್ಲ ಸಾಲುಗಳೂ ಬೆಳೆದಿದ್ದವು. ಒಂದು ಸಾಲು ಮಾತ್ರ 2015ರಿಂದ ಅಲ್ಲಾಡಿರಲಿಲ್ಲ: ಕಾಣಿಕೆ, ತಿಂಗಳಿಗೆ 50 ಪೌಂಡ್.

ಆಗ ನನ್ನ ಸಂಬಳ 38,000 ಪೌಂಡ್. ಈಗ 81,000. ಅಂದರೆ ಅಂದು ಸಂಬಳದ ನೂರಕ್ಕೆ ಒಂದೂವರೆಯಷ್ಟು ಕೊಡುತ್ತಿದ್ದವನು ಇಂದು ಮುಕ್ಕಾಲು ಭಾಗವನ್ನೂ ಕೊಡುತ್ತಿಲ್ಲ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ, ನಿಮಗೆಲ್ಲ ಹಣದ ಶಿಸ್ತು ಹೇಳುವ ನನಗೆ ಇದು ನಾಚಿಕೆಯ ವಿಷಯ. ಹಾಗಾಗಿ ಈ ಬಾರಿ ಹೂಡಿಕೆಯ ಬದಲು ಕೊಡುವುದರ ಬಗ್ಗೆ ಬರೆಯುತ್ತಿದ್ದೇನೆ.

ಖರ್ಚಿಗೆ ಗೆರೆ ಎಳೆದವನು

ಲಂಡನ್ನಿನ ಸಿಟಿ ರೋಡ್‌ನಲ್ಲಿ ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಬದುಕಿದ್ದ ಮನೆ ಇದೆ. 1791ರಲ್ಲಿ ಅವರು ತೀರಿಕೊಂಡದ್ದೂ ಅಲ್ಲೇ. ಹಣದ ಬಳಕೆಯ ಬಗ್ಗೆ ಅವರ ಒಂದು ಪ್ರಸಂಗ 1760ರಲ್ಲಿ ಅಚ್ಚಾಯಿತು. ಅದರಲ್ಲಿ ಮೂರು ಸೂತ್ರಗಳಿವೆ. ನಿಮ್ಮ ಆರೋಗ್ಯಕ್ಕೂ ನೆರೆಯವರಿಗೂ ಹಾನಿಯಾಗದಂತೆ ಆದಷ್ಟು ದುಡಿಯಿರಿ. ಆದಷ್ಟು ಉಳಿಸಿ. ಆದಷ್ಟು ಕೊಡಿ. ಮೊದಲ ಎರಡನ್ನು ನಮ್ಮಂಥ ಬ್ಲಾಗಿಗರು ದಿನವೂ ಹೇಳುತ್ತೇವೆ. ಜನ ಮೊದಲೆರಡನ್ನು ಪಾಲಿಸಿ ಮೂರನೆಯದನ್ನು ಬಿಟ್ಟುಬಿಡುತ್ತಾರೆಂದು ವೆಸ್ಲಿಯೇ ಮುಪ್ಪಿನಲ್ಲಿ ನೊಂದುಕೊಂಡರು.

ಇನ್ನೊಂದು ಪ್ರಸಂಗದಲ್ಲಿ ಅವರು ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕ ಕೊಡುತ್ತಾರೆ. ಹೆಸರು ಹೇಳಿಲ್ಲ, ಅದು ಅವರೇ ಎಂಬುದು ಸಾಮಾನ್ಯ ಅಭಿಪ್ರಾಯ. ಮೊದಲ ವರ್ಷ ಆದಾಯ 30 ಪೌಂಡ್: 28ರಲ್ಲಿ ಜೀವನ, 2 ದಾನ. ಮರುವರ್ಷ ಆದಾಯ 60: ಜೀವನ ಅದೇ 28ರಲ್ಲಿ, ದಾನ 32. ಮೂರನೆಯ ವರ್ಷ 90 ಬಂದಾಗ ದಾನ 62. ನಾಲ್ಕನೆಯ ವರ್ಷ 120, ದಾನ 92.

ನಾವು "ಎಷ್ಟು ಪರ್ಸೆಂಟ್ ಕೊಡಬೇಕು?" ಎಂದು ಕೇಳುತ್ತೇವೆ. ಆ ಯುವಕ ಕೇಳಿಕೊಂಡದ್ದು "ನನಗೆ ಎಷ್ಟು ಸಾಕು?" ಎಂದು. ಖರ್ಚಿಗೆ ಒಮ್ಮೆ ಗೆರೆ ಎಳೆದ ಮೇಲೆ ಸಂಬಳ ಏರಿದಂತೆಲ್ಲ ದಾನ ತಾನಾಗಿಯೇ ಏರಿತು.

ಬೈಬಲ್ಲಿನ ಬಡ ವಿಧವೆಯ ಕಥೆಯೂ ಇದೇ ಲೆಕ್ಕ. ಆಕೆ ಕಾಣಿಕೆ ಪೆಟ್ಟಿಗೆಗೆ ಹಾಕಿದ್ದು ಎರಡು ಪುಟ್ಟ ಕಾಸು. ಯೇಸು ಅದನ್ನೇ ಎಲ್ಲರಿಗಿಂತ ಹೆಚ್ಚೆಂದರು. ಉಳಿದವರು ಮಿಕ್ಕಿದ್ದರಲ್ಲಿ ಕೊಟ್ಟರು, ಆಕೆ ಇದ್ದದ್ದನ್ನೇ ಕೊಟ್ಟಳು.

ಹಣ ಯಾರದು?

ಕನ್ನಡ ಬೈಬಲ್ಲಿನಲ್ಲಿ "ಮನೆವಾರ್ತೆಯವನು" ಎಂಬ ಮಾತು ಬರುತ್ತದೆ. ಯಜಮಾನನ ಆಸ್ತಿ ನೋಡಿಕೊಳ್ಳುವವನು, ಲೆಕ್ಕ ಒಪ್ಪಿಸಬೇಕಾದವನು. ಇಂದಿನ ಮಾತಿನಲ್ಲಿ ಫಂಡ್ ಮ್ಯಾನೇಜರ್. ಹಣ ದೇವರದು, ನಿರ್ವಹಣೆ ಮಾತ್ರ ನನ್ನದು ಎನ್ನುವುದು ಕ್ರೈಸ್ತ ದಾನದ ಬುನಾದಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. "ಇಷ್ಟು ಕೊಡಿ, ದೇವರು ನೂರು ಪಟ್ಟು ಹಿಂದಿರುಗಿಸುತ್ತಾನೆ" ಎಂಬ ಭಾಷಣಗಳು ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತವೆ. ರಿಟರ್ನ್ ಖಾತರಿ ಎನ್ನುವ ಯಾವ ಸ್ಕೀಮನ್ನೂ ನಂಬಬೇಡಿ ಎಂದು ಹೇಳುವ ನಾನು ಇದಕ್ಕೂ ಅದನ್ನೇ ಹೇಳುತ್ತೇನೆ. ಕಾಣಿಕೆ ಎಸ್‌ಐಪಿ ಅಲ್ಲ. ಕೊರಿಂಥದ ಸಭೆಗೆ ಪೌಲನು ಬರೆದದ್ದೂ ಬಲವಂತವಿಲ್ಲದೆ, ಇರುವುದಕ್ಕೆ ತಕ್ಕಂತೆ, ಸಂತೋಷದಿಂದ ಕೊಡಿ ಎಂದೇ.

ನಮ್ಮ ಮನೆಯಲ್ಲಿ ಮಾಡಿದ್ದು

ವೆಸ್ಲಿಯ ಲೆಕ್ಕವನ್ನು ಹಾಗೆಯೇ ನಕಲು ಮಾಡಲಾಗದು. ಆಗ ಅವರು ಕಾಲೇಜಿನ ಫೆಲೋ, ಅವಿವಾಹಿತ. ನನಗೆ ಇಬ್ಬರು ಮಕ್ಕಳು, ಮನೆ ಸಾಲ, ಮೈಸೂರಿನಲ್ಲಿ ಅಮ್ಮ ಇದ್ದಾರೆ. ವೆಸ್ಲಿ ಕೂಡ ಮೊದಲು ನಿಮ್ಮ ಅಗತ್ಯ, ಆಮೇಲೆ ಮನೆಯವರದು, ಆಮೇಲೆ ವಿಶ್ವಾಸಿಗಳದು, ನಂತರ ಎಲ್ಲರದು ಎಂದು ಕ್ರಮ ಹಾಕಿಕೊಟ್ಟಿದ್ದಾರೆ. ಆದ್ದರಿಂದ ಕ್ರೆಡಿಟ್ ಕಾರ್ಡ್ ಸಾಲ ಇದ್ದರೆ ಮೊದಲು ತೀರಿಸಿ. ಆರು ತಿಂಗಳ ತುರ್ತು ನಿಧಿ ಇರಲಿ.

ನಾನೂ ಹೆಂಡತಿಯೂ ಒಂದು ಸಂಜೆ ಕೂತು ವರ್ಷದ ಖರ್ಚಿನ ಗೆರೆ ಎಳೆದೆವು. ಬೆಲೆ ಏರಿದಷ್ಟು ಮಾತ್ರ ಅದು ಏರಬಹುದು. ಅದರಾಚೆ ಕೈಗೆ ಬರುವ ಸಂಬಳದ ಏರಿಕೆಯಲ್ಲಿ ಅರ್ಧ ಉಳಿತಾಯಕ್ಕೆ, ಅರ್ಧ ಕಾಣಿಕೆಗೆ. ದಶಮಾಂಶ ಮುಟ್ಟಲು ಇನ್ನೂ ಕೆಲವು ವರ್ಷ ಬೇಕು. ಅಲ್ಲಿಗೆ ನಿಲ್ಲಿಸುವುದೂ ಬೇಡ ಎಂದುಕೊಂಡಿದ್ದೇವೆ. ಅಜ್ಜಿ ಅಕ್ಕಿ ತೊಳೆಯುವ ಮೊದಲೇ ಒಂದು ಹಿಡಿ ತೆಗೆದು ಚರ್ಚಿನ ಡಬ್ಬಕ್ಕೆ ಹಾಕುತ್ತಿದ್ದರು. ನಮ್ಮ ಸ್ಟ್ಯಾಂಡಿಂಗ್ ಆರ್ಡರ್ ಈಗ ಸಂಬಳ ಬಂದ ದಿನವೇ ಹೋಗುತ್ತದೆ.

ತೆರಿಗೆಯ ಲೆಕ್ಕ

ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಫಾರ್ಮ್ ತುಂಬಿ 100 ಪೌಂಡ್ ಕೊಟ್ಟರೆ ಸಂಸ್ಥೆಗೆ ಸರ್ಕಾರದಿಂದ ಇನ್ನೂ 25 ಸಿಗುತ್ತದೆ. ಶೇ. 40ರ ಹಂತದಲ್ಲಿರುವವರು ತೆರಿಗೆ ರಿಟರ್ನ್‌ನಲ್ಲಿ ತೋರಿಸಿದರೆ 25 ಪೌಂಡ್ ವಾಪಸ್ ಪಡೆಯಬಹುದು. ಸಂಸ್ಥೆಗೆ 125, ನಿಮ್ಮ ಕೈಯಿಂದ 75. ನಾನು ಇದನ್ನು ವರ್ಷಗಟ್ಟಲೆ ಕೇಳದೆಯೇ ಬಿಟ್ಟಿದ್ದೆ. ಈಗ ಆ ಹಣವೂ ಕಾಣಿಕೆಗೇ ಹೋಗುತ್ತದೆ.

ಅಮೆರಿಕದ ಗೆಳೆಯರೇ, ಬೆಲೆ ಏರಿದ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಷೇರನ್ನು ಮಾರಿ ಹಣ ಕೊಡುವ ಬದಲು ಷೇರನ್ನೇ ಕೊಡಿ. ಲಾಭದ ಮೇಲಿನ ತೆರಿಗೆ ಬೀಳುವುದಿಲ್ಲ. ಜರ್ಮನಿಯಲ್ಲಿರುವವರು ಗಮನಿಸಿ: ಚರ್ಚ್ ತೆರಿಗೆ ಕೊಡುವ ಸದಸ್ಯರ ಆದಾಯ ತೆರಿಗೆಯ ಮೇಲೆ ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಶೇ. 8, ಉಳಿದೆಡೆ ಶೇ. 9 ಹೆಚ್ಚುವರಿಯಾಗಿ ಹೋಗುತ್ತದೆ.

ಊರಿನ ಚರ್ಚಿಗೋ ಶಾಲೆಗೋ ಕೊಡುವಾಗ ಪಾಸ್‌ಪೋರ್ಟ್ ನೋಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಒಸಿಐ ಆದವರು ಕೊಟ್ಟದ್ದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ ಅನುಮತಿ ಬೇಕು, ಹಣ ಮೊದಲು ಬರಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ತಿಳಿಯದೆ ಕಳಿಸಿದರೆ ತೊಂದರೆ ಅವರಿಗೆ.

ಕೊನೆಗೆ

ನಾನು ಹುಟ್ಟಿದ್ದು ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ, ಅಂದರೆ 1906ರಲ್ಲಿ ವೆಸ್ಲಿಯನ್ ಮಿಷನ್ ಶುರುಮಾಡಿದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ. ಆ ಮಿಷನ್ ನಡೆದದ್ದು ಇಲ್ಲಿನ ಚರ್ಚುಗಳ ಕಾಣಿಕೆಯಿಂದ. ಮೈಸೂರನ್ನು ಕಣ್ಣಾರೆ ಕಾಣದವರೂ ಅದಕ್ಕೆ ಕೊಟ್ಟಿದ್ದಾರೆ. ಅವರ ದೇಶದಲ್ಲಿ ದುಡಿಯುತ್ತಾ ನಾನು 50 ಪೌಂಡಿಗೆ ನಿಂತುಬಿಟ್ಟಿದ್ದೆ.

ನಿಮ್ಮ ನಂಬಿಕೆ ಯಾವುದೇ ಇರಲಿ, ಈ ವಾರಾಂತ್ಯ ನಿಮ್ಮ ಸ್ಪ್ರೆಡ್‌ಶೀಟ್ ತೆರೆಯಿರಿ. ಬೆಳೆಯದೆ ನಿಂತ ಸಾಲು ಯಾವುದು ನೋಡಿ. ಆಮೇಲೆ ಮನೆಯವರೊಂದಿಗೆ ಕೂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಮ್ಮ 28 ಪೌಂಡ್ ಎಷ್ಟು?