ಮೊಹರಿದ್ದವರೆಲ್ಲ ವಕೀಲರಲ್ಲ
ಅಮೆರಿಕಕ್ಕೆ ವಲಸೆ ಬಂದ ಎಷ್ಟೋ ಕುಟುಂಬಗಳನ್ನು 'ನೋಟರಿಯೊ' ಎಂಬ ಒಂದು ಪದವೇ ದಾರಿ ತಪ್ಪಿಸಿದೆ. ಮೆಕ್ಸಿಕೊದಲ್ಲಿ ಅದು ನುರಿತ ಕಾನೂನು ತಜ್ಞರ ಹುದ್ದೆಯಾದರೆ, ಅಮೆರಿಕದ ನೋಟರಿ ಸಹಿಗೆ ಸಾಕ್ಷಿಯಾಗಿ ಮೊಹರು ಒತ್ತುವವರಷ್ಟೇ. ಅಲ್ಲಿ ವಲಸೆ ಅರ್ಜಿಯ ಬಗ್ಗೆ ಕಾನೂನು ಸಲಹೆ ನೀಡುವ ಅಧಿಕಾರ ಸಾಮಾನ್ಯವಾಗಿ ಪರವಾನಗಿ ಪಡೆದ ವಕೀಲರಿಗೆ ಮತ್ತು ನ್ಯಾಯ ಇಲಾಖೆ ಮಾನ್ಯ ಮಾಡಿದ ಪ್ರತಿನಿಧಿಗಳಿಗೆ ಮಾತ್ರ ಇರುತ್ತದೆ. ವಲಸೆ ಕಾನೂನು ಕೇಂದ್ರ ಸರ್ಕಾರದ್ದಾದ್ದರಿಂದ, ಟೆಕ್ಸಾಸ್‌ನ ವಕೀಲರು ನ್ಯೂಜೆರ್ಸಿಯ ಕನ್ನಡಿಗರ ಗ್ರೀನ್ ಕಾರ್ಡ್ ಅರ್ಜಿಯನ್ನೂ ನಡೆಸಬಹುದು. ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದನ್ನು ಆಯಾ ರಾಜ್ಯದ ವಕೀಲರ ನೋಂದಣಿ ಪಟ್ಟಿಯಲ್ಲಿ ನೋಡಬಹುದಾದರೂ, ಹೆಚ್ಚು ಹೇಳುವ ಕಾಗದವೆಂದರೆ ಜಿ-28, ಅಂದರೆ ಅರ್ಜಿದಾರರ ಪರ ವಕಾಲತ್ತು ವಹಿಸಿರುವುದಾಗಿ ವಕೀಲರು ಸ್ವತಃ ಸಹಿ ಮಾಡಿ ಸಲ್ಲಿಸುವ ನಮೂನೆ. ಕೈತುಂಬ ಶುಲ್ಕ ಪಡೆದೂ ಈ ಸಹಿಗೆ ಹಿಂಜರಿಯುವವರು, ಖಾಲಿ ಅರ್ಜಿಯ ಮೇಲೆ ಕಕ್ಷಿದಾರರ ಸಹಿಯನ್ನು ಮಾತ್ರ ಆತುರದಿಂದ ಕೇಳುತ್ತಾರೆ; ಆಮೇಲೆ ಅದರಲ್ಲಿ ತುಂಬಿದ ಸುಳ್ಳಿಗೆ ಉತ್ತರ ಹೇಳಬೇಕಾದವರು ಸಹಿ ಹಾಕಿದವರೇ.