ಅಲ್ಪಶಕ್ತಿಯ ವಾಲ್ವ್ ಧ್ವನಿವರ್ಧಕ: ಪರಿಮಾಣ ಮತ್ತು ಗುಣ

ವಿದ್ಯುತ್ ಗಿಟಾರಿನ ತಂತಿಯಿಂದ ಹೊರಡುವ ನಾದವು ತಾನಾಗಿ ಅತಿ ಕ್ಷೀಣವಾದುದು. ಅದನ್ನು ಹಿಗ್ಗಿಸುವುದೇ ಧ್ವನಿವರ್ಧಕದ ಕಾರ್ಯವಾದರೆ, 1 ವಾಟ್ ಅಥವಾ 5 ವಾಟ್ ಶಕ್ತಿಯ ಯಂತ್ರದಿಂದ ಪ್ರಯೋಜನವೇನೆಂಬ ಶಂಕೆಯು ಸಹಜವಾದುದು.

ಇದರ ಸಮಾಧಾನವು ವಾಲ್ವಿನ ಸ್ವಭಾವದಲ್ಲಿಯೇ ಇರುವುದು. ವಾಲ್ವು ತನ್ನ ಶಕ್ತಿಯ ಎಲ್ಲೆಯನ್ನು ಮುಟ್ಟಿದಾಗ ಧ್ವನಿತರಂಗದ ತುದಿಗಳು ಮೆಲ್ಲನೆ ಬಾಗುವುವು. ಆಗ ಮೂಲಸ್ವರದೊಡನೆ ಉಪಸ್ವರಗಳು ಉದಿಸುವುವು. ಷಡ್ಜವನ್ನು ಮೀಟಿದರೆ ಮೊದಲು ತಾರಷಡ್ಜ, ಅನಂತರ ಅದರ ಮೇಲಣ ಪಂಚಮ. ತಂಬೂರಿಯ ಕುದುರೆಯ ಮೇಲೆ ಜೀವಾಳದ ನೂಲನ್ನು ಸರಿಯಾಗಿ ಇರಿಸಿದಾಗ ನಾದವು ತುಂಬಿಕೊಳ್ಳುವುದೂ ಉಪಸ್ವರಗಳ ಸಮೃದ್ಧಿಯಿಂದಲೇ. ಅಲ್ಲಿ ಹೆಚ್ಚುವುದು ಗಟ್ಟಿತನವಲ್ಲ, ಗುಣ.

50 ವಾಟಿನ ಯಂತ್ರವು ಈ ಎಲ್ಲೆಗೆ ಬರುವಷ್ಟರಲ್ಲಿ ಕೇಳುವವರು ಕಿವಿ ಮುಚ್ಚಿಕೊಳ್ಳಬೇಕಾಗುವುದು. ಶಕ್ತಿಯು ಹತ್ತನೆಯ ಒಂದು ಪಾಲಿಗೆ ಇಳಿದರೂ ಕಿವಿಗೆ ತೋರುವ ಗಟ್ಟಿತನವು ಸುಮಾರು ಅರ್ಧಕ್ಕೆ ಮಾತ್ರ ಇಳಿಯುವುದು. ಆದುದರಿಂದ ಕಲಬುರಗಿಯ ಐವಾನ್-ಎ-ಶಾಹಿಯ ಒಂದು ಮನೆಯ ಕೋಣೆಯಲ್ಲಿ ಸಾಧನೆ ಮಾಡುವವನಿಗೆ 5 ವಾಟೂ ಅಧಿಕವೇ; 1 ವಾಟ್ ಅಥವಾ ಅದಕ್ಕಿಂತ ಕಡಿಮೆಯಾದುದು ಯುಕ್ತ.

ಧ್ವನಿಮುದ್ರಣಕ್ಕೂ ಇದೇ ನ್ಯಾಯ. ಮೈಕನ್ನು ಸ್ಪೀಕರಿನ ಸಮೀಪದಲ್ಲಿಟ್ಟು ಮುದ್ರಿಸಿದ ಮೇಲೆ ಗಟ್ಟಿತನವನ್ನು ಬೇಕಾದಷ್ಟು ಏರಿಸಬಹುದು. ಮೂಲದಲ್ಲಿಲ್ಲದ ಗುಣವನ್ನು ಸೇರಿಸುವುದು ಕಷ್ಟ. ಎರಿಕ್ ಕ್ಲಾಪ್ಟನ್ನರು 1970ರ ‘ಲೈಲಾ’ ಧ್ವನಿಮುದ್ರಣದಲ್ಲಿ ಸುಮಾರು 5 ವಾಟಿನ ಫೆಂಡರ್ ಚಾಂಪನ್ನು ಬಳಸಿದುದು ಪ್ರಸಿದ್ಧವಾಗಿದೆ.

ಡ್ರಮ್ಮುಗಳ ಜೊತೆಯಲ್ಲಿ, ವೇದಿಕೆಯ ಮೇಲೆ, ನಿರ್ಮಲವಾದ ನಾದವೇ ಬೇಕಾದಲ್ಲಿ ಇಂತಹ ಯಂತ್ರವು ಸಾಲದು. ಅದು ಪ್ರಯೋಗಸ್ಥಾನದ ಭೇದವೇ ಹೊರತು ಯಂತ್ರದ ದೋಷವಲ್ಲ. ವಾಟಿನ ಅಂಕಿಯು ಪರಿಮಾಣವನ್ನು ಹೇಳುವುದು. ಗುಣವನ್ನು ನಿರ್ಣಯಿಸತಕ್ಕದ್ದು ಕಿವಿಯೇ.