ಕತ್ತರಿಯೂ ಕ್ರಿಯಾಪದವೂ

ವಿಡಿಯೊ ಸಂಕಲನವು ಯಂತ್ರವಿದ್ಯೆಯೆಂದೂ, ಕನ್ನಡ ಪಂಡಿತನಿಗೆ ಅದರ ಗೊಡವೆ ಬೇಡವೆಂದೂ ನಾನು ಬಹುಕಾಲ ಭಾವಿಸಿದ್ದೆನು. ತಿಕೋಟಾ, ಬಬಲೇಶ್ವರ ಭಾಗದ ಹಿರಿಯರಿಂದ ೧೯೭೨ರ ಬರಗಾಲದ ನೆನಪುಗಳನ್ನು ನಮ್ಮ ವಿದ್ಯಾರ್ಥಿಗಳು ಚಿತ್ರೀಕರಿಸಿ ತಂದಾಗ ಆ ಭಾವನೆ ಸಡಿಲವಾಯಿತು.

ಕಂಪ್ಯೂಟರಿನಲ್ಲಿ ಚಿತ್ರತುಣುಕುಗಳನ್ನು ಟೈಮ್‌ಲೈನ್ ಎಂಬ ಕಾಲಪಟ್ಟಿಯ ಮೇಲೆ ಸಾಲಾಗಿ ಇಡುತ್ತಾರೆ. ತುಣುಕಿನ ಮೊದಲ ಇಲ್ಲವೆ ಕೊನೆಯ ಅಂಚನ್ನು ಹಿಡಿದು ಒಳಕ್ಕೆ ಸರಿಸಿದರೆ ಅಷ್ಟು ಭಾಗ ಮರೆಯಾಗುವುದು. ಇದಕ್ಕೆ ಟ್ರಿಮ್ ಎಂದು ಹೆಸರು. ಮರೆಯಾಗುವುದೇ ಹೊರತು ನಾಶವಾಗದು. ಮೂಲ ಕಡತ ಹಾಗೆಯೇ ಉಳಿದಿರುವುದರಿಂದ, ಅಂಚನ್ನು ಹೊರಕ್ಕೆಳೆದರೆ ಮತ್ತೆ ಕಾಣಿಸುತ್ತದೆ. ಸುರುಳಿಯನ್ನು ಕತ್ತರಿಸಿ ಅಂಟಿಸುತ್ತಿದ್ದ ಹಿಂದಿನ ಚಲನಚಿತ್ರ ಸಂಕಲನಕಾರರಿಗೆ ಕೆಲಸವು ಇಷ್ಟು ಸುಲಭವಾಗಿರಲಿಲ್ಲ.

ಸುಲಭವಾದುದರಲ್ಲಿಯೇ ಅಪಾಯವುಂಟು. ವೃದ್ಧ ತಾಯಿಯೊಬ್ಬರು "ಗಂಟು ಕಟ್ಟಿದ್ವಿ, ಬಂಡಿ ಹೂಡಿದ್ವಿ" ಎಂದು ಹೇಳಿ ಸುಮ್ಮನಾದರು. ನಾಲ್ಕು ಸೆಕೆಂಡು ಮೌನ. ಅನಂತರ ತಗ್ಗಿದ ದನಿಯಲ್ಲಿ "ಹೋಗಲಿಲ್ರಿ" ಎಂದರು. ಮಾತು ಮುಗಿಯಿತೆಂದು ತಿಳಿದ ಹುಡುಗನು ಮೌನದ ಆರಂಭದಲ್ಲಿಯೇ ಕತ್ತರಿಯಿಟ್ಟಿದ್ದನು. ನೋಡಿದವರೆಲ್ಲರೂ ಆ ಕುಟುಂಬ ಗುಳೆ ಹೋಯಿತೆಂದೇ ತಿಳಿದರು. ಊರಲ್ಲಿಯೇ ನಿಂತು ಬರವನ್ನು ಎದುರಿಸಿದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಯಾವುದು?

ತಪ್ಪಿನ ಬೇರು ನಮ್ಮ ನುಡಿಯ ಸ್ವಭಾವದಲ್ಲಿಯೂ ಇದೆ. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದು. ನಿಷೇಧವು ಅದಕ್ಕೂ ಹಿಂದೆ, ಬಾಲದಂತೆ ಅಂಟಿರುವುದು. ‘ಕೊಡುವುದಿಲ್ಲ’ ಎಂಬುದರ ತುದಿ ಹೋದರೆ ‘ಕೊಡುವುದು’ ಆಗುತ್ತದೆ! ಇಂಗ್ಲಿಷಿನಲ್ಲಿ ನಿಷೇಧವು ಮುಖ್ಯ ಕ್ರಿಯೆಗಿಂತ ಮೊದಲೇ ಬರುವುದರಿಂದ ಈ ಭಯ ಕಡಿಮೆ. ಆದುದರಿಂದ ಕನ್ನಡದ ಮಾತನ್ನು ಟ್ರಿಮ್ ಮಾಡುವವರು ತಲೆಗಿಂತ ಬಾಲದ ಕಡೆ ಹೆಚ್ಚು ಎಚ್ಚರದಿಂದಿರತಕ್ಕದ್ದು. ಕೊನೆಯ ಅಕ್ಷರದ ಬಳಿಕ ಅರ್ಧ ಸೆಕೆಂಡಾದರೂ ಬಿಡಬೇಕು. ಸೆಕೆಂಡಿಗೆ ೨೫ ಚೌಕಟ್ಟುಗಳಿದ್ದಲ್ಲಿ ಅದು ಹನ್ನೆರಡು-ಹದಿಮೂರು ಚೌಕಟ್ಟುಗಳಷ್ಟಾಗುವುದು.

ಇನ್ನು ಹೊಂದಾಣಿಕೆಯ ವಿಷಯ. ಚಿತ್ರವನ್ನು ಕ್ಯಾಮೆರಾದಲ್ಲಿಯೂ ಧ್ವನಿಯನ್ನು ಬೇರೆ ಯಂತ್ರದಲ್ಲಿಯೂ ಹಿಡಿದಿದ್ದರೆ ಎರಡನ್ನೂ ಕೂಡಿಸಬೇಕು. ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ, ಕೈಗಳು ಕೂಡಿದ ಚೌಕಟ್ಟನ್ನೂ ಧ್ವನಿರೇಖೆಯ ಶಿಖರವನ್ನೂ ನೇರಮಾಡಬಹುದು. ನಮ್ಮ ಹುಡುಗರು ಚಪ್ಪಾಳೆ ಮರೆತಿದ್ದರು. ಆಗ ವ್ಯಾಕರಣ ನೆರವಿಗೆ ಬಂದಿತು: ಪ, ಬ, ಮ ಓಷ್ಠ್ಯಗಳು, ತುಟಿ ಮುಚ್ಚದೆ ಹುಟ್ಟಲಾರವು. "ಬಂಡಿ" ಎಂಬಲ್ಲಿ ತುಟಿ ತೆರೆಯುವ ಚೌಕಟ್ಟಿಗೆ ಬಕಾರದ ಧ್ವನಿಯನ್ನು ಕೂಡಿಸಿದೆವು. ಹೀಗೆ ಕೂಡಿಸಿದ ಮೇಲೆ ಚಿತ್ರವನ್ನಷ್ಟೇ ಕತ್ತರಿಸಿ ಖಾಲಿ ಜಾಗ ಮುಚ್ಚಿದರೆ, ಮುಂದಿನ ತುಟಿಗಳೆಲ್ಲ ಧ್ವನಿಗಿಂತ ಮುಂದೋಡುತ್ತವೆ. ಎರಡನ್ನೂ ಬೆಸೆದಿಟ್ಟೇ ಕತ್ತರಿಸಬೇಕು.

ಆದರೆ ಎರಡೂ ಒಂದೇ ಕಡೆ ಮುಗಿಯಲೇಬೇಕೆಂಬ ನಿಯಮವಿಲ್ಲ. ವಿಜಯಪುರದ ಗೋಳಗುಮ್ಮಟದ ಮೇಲಣ ಮೊಗಸಾಲೆಯಲ್ಲಿ ನಿಂತವರು ಬಲ್ಲರು: ಆಡಿದವನ ತುಟಿ ಮುಚ್ಚಿದರೂ ಮಾತು ಮರುದನಿಯಾಗಿ ಸುತ್ತುತ್ತಲೇ ಇರುತ್ತದೆ. ಅಂತಹ ದನಿಯ ಬಾಲವನ್ನು ಮುಂದಿನ ಚಿತ್ರದ ಅಡಿಯಲ್ಲಿ ಹರಿಯಬಿಡಬಹುದು. ಆ ತಾಯಿಯ "ಹೋಗಲಿಲ್ರಿ" ಎಂಬ ಮಾತನ್ನೂ ಹಾಗೆಯೇ ಅವರ ಜೋಳದ ಹೊಲದ ಚಿತ್ರದ ಮೇಲೆ ಕೇಳಿಸೋಣವೆಂದು ಹುಡುಗರು ಕೇಳಿದರು. ನಾನು ಒಪ್ಪಲಿಲ್ಲ. ಮೌನವೂ ಮುಖವೂ ಪೂರ್ತಿಯಾಗಿರಲಿ, ಹೊಲ ಆಮೇಲೆ ಬರಲಿ ಎಂದೆನು.